ಪಟ್ಟಿಯಲ್ಲಿಲ್ಲದ ಗೆಲಾಕ್ಸಿ

ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಇಳಿಯುವ ಹದಿನೆಂಟು ಮೆಟ್ಟಿಲುಗಳನ್ನು ಗುಡಿಸುತ್ತಿದ್ದಾಗ ಗೆರ್ಲಿಂಡ್ ಹಾಫ್ನರ್‌ಗೆ ಮತ್ತೆ ಆ ಸಂಖ್ಯೆ ನೆನಪಾಯಿತು: ನೂರಾ ಹದಿನೇಳು. ನೆನಪಾಯಿತು ಅನ್ನುವುದೂ ಸರಿಯಲ್ಲ. ಮೂರು ವಾರಗಳಿಂದ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅಲ್ಲೇ ಇತ್ತು, ನಾಲಿಗೆ ಆಗಾಗ ಹೋಗಿ ಮುಟ್ಟಿ ಬರುತ್ತಿತ್ತು. ಈ ವಾರ ಮೆಟ್ಟಿಲು ಗುಡಿಸುವ ಸರದಿ ಅವಳದೆಂದು ಸಾರುವ ಪುಟ್ಟ ಮರದ ಹಲಗೆ ಭಾನುವಾರವೇ ಅವಳ ಬಾಗಿಲ ಹಿಡಿಗೆ ಬಂದು ನೇತುಬಿದ್ದಿತ್ತು. ಜರ್ಮನಿಯ ಈ ಉಲ್ಮ್ ಊರಿನಲ್ಲಿ ಈ ಹಲಗೆಗೆ ಪ್ರೊಫೆಸರ್ ಎಂದರೂ ಒಂದೇ, ಕಸಾಯಿಯವನೆಂದರೂ ಒಂದೇ. ಸಾಮಾನ್ಯವಾಗಿ ಶನಿವಾರ ಗುಡಿಸುವುದು ರೂಢಿ. ಆದರೆ ಇವತ್ತು ಮಧ್ಯಾಹ್ನ ಎರಡಕ್ಕೆ ಅವಳ ವಿದ್ಯಾರ್ಥಿನಿ ವೀಬ್ಕೆ ಥಾಮ್ಸೆನ್‌ಳ ಡಾಕ್ಟರೇಟಿನ ಮೌಖಿಕ ಪರೀಕ್ಷೆ ಇತ್ತು. ಅದು ಮುಗಿದ ಮೇಲೆ ತನ್ನ ಮನಸ್ಸು ಹೇಗಿರುತ್ತದೋ, ನಾಳೆ ಪೊರಕೆ ಹಿಡಿಯುವ ಹಾಗಿರುತ್ತದೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ.

ಎರಡನೆಯ ಮಹಡಿಯ ಬಾಗಿಲು ತೆರೆಯಿತು. ಎಂಬತ್ತೆರಡು ವರ್ಷದ ಫ್ರಾವ್ ಬೋಲಿಂಗರ್ ಮನೆಯ ಚಪ್ಪಲಿಯಲ್ಲೇ ಹೊರಗೆ ಬಂದು ನಿಂತರು.

"ಶುಕ್ರವಾರವೇ ಶುರು ಹಚ್ಕೊಂಡ್ರಾ? ಏನು, ಶನಿವಾರನ ರದ್ದು ಮಾಡಿದ್ರಾ ಸರ್ಕಾರದೋರು?"

"ಇವತ್ತು ನನ್ನ ಹುಡುಗಿ ಒಬ್ಬಳ ಪರೀಕ್ಷೆ, ಫ್ರಾವ್ ಬೋಲಿಂಗರ್. ನಾಳೆ ಆಗುತ್ತೋ ಇಲ್ವೋ ಅಂತ."

"ಮಾಡಿ, ಮಾಡಿ. ಆದ್ರೆ ಆ ಮೂಲೆ ಬಿಟ್ರಿ ನೋಡಿ. ಅಷ್ಟು ದೂರದ ಆಕಾಶದಲ್ಲಿ ಧೂಳಿದ್ರೆ ಕಾಣತ್ತೆ ನಿಮಗೆ, ಕಾಲ ಬುಡದ್ದು ಕಾಣಲ್ಲ."

ಗೆರ್ಲಿಂಡ್ ನಕ್ಕು ಮೂಲೆಗೆ ಪೊರಕೆ ಹಾಕಿದಳು. ಮುದುಕಿ ಒಂದು ಕೈಯಲ್ಲಿ ಕಂಬಿ ಹಿಡಿದು ಮೆಲ್ಲಗೆ ಬಗ್ಗಿ, ಇನ್ನೊಂದು ಕೈಯಲ್ಲಿ ಕಸದ ಮೊರ ಹಿಡಿದರು. "ಹಿಡ್ಕೊಂಡಿದ್ದೀನಿ, ತಳ್ಳಿ." ಬೈದವರೇ ಬಗ್ಗಿದ್ದರು. ಗೆರ್ಲಿಂಡ್‌ಗೆ ಸುಮ್ಮಸುಮ್ಮನೆ ಅಳು ಬಂತು. ಅರವತ್ತಮೂರು ವರ್ಷ ದಾಟಿದ ಹೆಂಗಸು ಕಸದ ಮೊರಕ್ಕೆ ಅಳುವುದೇ ಎಂದುಕೊಂಡು ಧೂಳನ್ನು ಒಳಕ್ಕೆ ತಳ್ಳಿದಳು.

ವಿಶ್ವವಿದ್ಯಾಲಯದ ಗುಡ್ಡ ಹತ್ತುವ ಬಸ್ಸಿನಲ್ಲಿ ಎಂದಿನ ಕಿಟಕಿ ಸಿಕ್ಕಿತು. ಕೆಳಗೆ ಡ್ಯಾನ್ಯೂಬ್ ಹೊಳೆ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಮೂರು ವಾರದ ಹಿಂದೆ ಇದೇ ಬಸ್ಸಿನಲ್ಲಿ ವೀಬ್ಕೆಯ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಎಂಬತ್ತನೆಯ ಪುಟಕ್ಕೆ ಬಂದಿದ್ದಳು. ಅಲ್ಲೊಂದು ಪಟ್ಟಿ. ಅರವತ್ತೊಂದು ಗೆಲಾಕ್ಸಿಗಳು. ಪ್ರತಿಯೊಂದರ ಮುಂದೆ ಎರಡು ಅಳತೆ: ಅದರ ನಡುವೆ ಕೂತ ಕಪ್ಪುಕುಳಿ ಎಷ್ಟು ಸೂರ್ಯರಷ್ಟು ತೂಕ, ಮತ್ತು ಅದರ ಸುತ್ತಲ ನಕ್ಷತ್ರಗಳ ವೇಗ ಒಂದರಿಂದೊಂದು ಎಷ್ಟು ಚದರಿದೆ. ಕುಳಿ ದೊಡ್ಡದಾದಷ್ಟೂ ನಕ್ಷತ್ರಗಳ ವೇಗದ ಚದರಿಕೆ ಜಾಸ್ತಿ. ಎರಡನ್ನೂ ಗೆರೆ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ಚುಕ್ಕಿಗಳೆಲ್ಲ ಒಂದು ಓರೆಗೆರೆಯ ಆಚೀಚೆ ಬಂದು ಕೂರುತ್ತವೆ, ಇಷ್ಟು ದೊಡ್ಡ ಮನೆಗೆ ಇಷ್ಟೇ ದೊಡ್ಡ ಕುಳಿ ಎಂದು ಯಾರೋ ಅಳೆದು ಕೊಟ್ಟ ಹಾಗೆ. ಅವಳು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದಿದಳು, ಮತ್ತೆ ಕೆಳಗಿನಿಂದ ಮೇಲಕ್ಕೆ. ಅವಳ ಗೆಲಾಕ್ಸಿ ಇರಲಿಲ್ಲ. ಸಮ್ಮೇಳನಗಳಲ್ಲಿ ಜನ ಅದರ ಕ್ರಮಸಂಖ್ಯೆ ಬಿಟ್ಟು ಹಾಫ್ನರ್ ಗೆಲಾಕ್ಸಿ ಎಂದೇ ಕರೆಯುತ್ತಿದ್ದರು. ಆ ಗೆರೆಗೆ ಸೇರದೆ ಬಹಳ ಮೇಲೆ ಒಂಟಿಯಾಗಿ ನಿಂತ ಚುಕ್ಕಿ ಅದು. ಅದರ ಕುಳಿ ಅದರ ಮನೆಗೆ ಸಲ್ಲಬೇಕಾದ್ದಕ್ಕಿಂತ ಎಂಟು ಪಟ್ಟು ದೊಡ್ಡದು. 2002ರಲ್ಲಿ ಅದನ್ನಿಟ್ಟುಕೊಂಡೇ ಅವಳು ಬರೆದಿದ್ದಳು: ಮೊದಲು ಕುಳಿ, ಆಮೇಲೆ ಮನೆ. ಕುಳಿ ಮುಂಚೆಯೇ ಬೆಳೆದುಬಿಟ್ಟಿದೆ, ಗೆಲಾಕ್ಸಿ ಅದರ ಸುತ್ತ ಇನ್ನೂ ಕಟ್ಟಿಕೊಳ್ಳುತ್ತಿದೆ ಎಂದು.

ಪಟ್ಟಿಯಲ್ಲಿ ಅದು ಇಲ್ಲದ್ದು ಕಂಡಾಗ ಮೊದಲು ಆದದ್ದು ಸಮಾಧಾನ. ಇದು ಅವಳನ್ನು ಆಮೇಲೆ ಬಹಳ ಕಾಡಿತು. ಸಿಟ್ಟು ಬರಬೇಕಿತ್ತು, ಕರೆದು ಕೇಳಬೇಕಿತ್ತು. ಸಮಾಧಾನ ಏಕೆ ಬಂತು? ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬ್ರೇಟ್ಸೆಲ್ ರೊಟ್ಟಿ ಕಟ್ಟಿಕೊಟ್ಟ ಕಾಗದದ ಚೀಲವನ್ನು ಹರಿದು, ಬಿಡಿಸಿ, ಹಿಂಬದಿಯಲ್ಲಿ ಲೆಕ್ಕ ಮಾಡಿದಳು. ಯಾವ ಉಪಕರಣವಾದರೂ ಬೆಳಕನ್ನು ತನ್ನ ಕಡೆಯಿಂದಲೂ ಒಂದಿಷ್ಟು ಹರಡಿಸುತ್ತದೆ. ನಕ್ಷತ್ರಗಳ ನಿಜವಾದ ಚದರಿಕೆ ಬೇಕೆಂದರೆ ಉಪಕರಣದ ಪಾಲನ್ನು ಕಳೆಯಬೇಕು. ಆ ಪಾಲನ್ನು ಹೇಳುವ ಬಗೆ ಎರಡು. ಹರಡಿದ ಬೆಳಕನ್ನು ಹಾಳೆಯ ಮೇಲೆ ಬರೆದಾಗ ಮೂಡುವ ದಿಬ್ಬದ ಅರ್ಧ ಎತ್ತರದಲ್ಲಿ ಈ ಅಂಚಿನಿಂದ ಆ ಅಂಚಿಗೆ ಅಳೆದ ಪೂರ್ತಿ ಅಗಲ ಒಂದು. ನಡುವಿನಿಂದ ಸರಾಸರಿ ಎಷ್ಟು ದೂರ ಹರಡಿದೆ ಎಂದು ಹೇಳುವ ಲೆಕ್ಕದವರ ಚದರಿಕೆ ಇನ್ನೊಂದು. ಮೊದಲನೆಯದು ಎರಡನೆಯದಕ್ಕಿಂತ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಎದೆಯ ಸುತ್ತಳತೆ ಕೊಟ್ಟರೆ ಅದನ್ನೇ ಅಗಲ ಎಂದುಕೊಂಡು ದರ್ಜಿ ಬಟ್ಟೆ ಕತ್ತರಿಸಿದ ಹಾಗೆ ಆಗಿತ್ತು. ಪೂರ್ತಿ ಅಗಲವನ್ನೇ ಅವಳು 2002ರಲ್ಲಿ ಚದರಿಕೆ ಎಂದು ತೆಗೆದುಕೊಂಡು ಕಳೆದುಬಿಟ್ಟಿದ್ದಳು. ಕಳೆಯಬೇಕಾದ್ದಕ್ಕಿಂತ ಬಹಳ ಜಾಸ್ತಿ ಹೋಗಿ ಸೆಕೆಂಡಿಗೆ ನೂರಾ ಹದಿನೇಳು ಕಿಲೋಮೀಟರ್ ಉಳಿದಿತ್ತು. ಸರಿಯಾಗಿ ಕಳೆದರೆ ನೂರಾ ಎಪ್ಪತ್ತೊಂಬತ್ತು. ಅಷ್ಟು ವೇಗದ ಮನೆಗೆ ಆ ಕುಳಿ ಹೇಳಿ ಮಾಡಿಸಿದ ಹಾಗಿತ್ತು. ಗೆರೆಯ ಮೇಲೆಯೇ ಕೂತಿತು. ಐದು ನಿಮಿಷ ಕೂಡ ಹಿಡಿಯಲಿಲ್ಲ. ಒಲೆಯ ಮೇಲಿಟ್ಟ ನೀರು ಇನ್ನೂ ಕುದಿದಿರಲಿಲ್ಲ.

ಮರುದಿನ ಪ್ರಬಂಧದ ಮೇಲಿನ ತನ್ನ ವರದಿಯಲ್ಲಿ ಅವಳು ಬರೆದಳು: ಗೆಲಾಕ್ಸಿಗಳ ಆಯ್ಕೆ ವಿವೇಕದಿಂದ ಕೂಡಿದೆ. ಬರೆದು ಸಹಿ ಹಾಕಿ ಅಂಚೆಗೆ ಹಾಕಿದಳು.

ಬಸ್ಸು ಬೀಚ್ ಮರಗಳ ತಿರುವಿನಲ್ಲಿ ಏದುಸಿರು ಬಿಟ್ಟಿತು. ಕಳೆದ ವಾರ ಗುಂಪಿನವರೆಲ್ಲ ಹಂಚಿಕೊಂಡ ಕಡತಗಳ ನಡುವೆ ಒಂದು ಚಿತ್ರ ಹುಡುಕುವಾಗ ಅವಳಿಗೆ ಇನ್ನೊಂದು ಸಿಕ್ಕಿತ್ತು. ವೀಬ್ಕೆಯದು. ಅದೇ ಓರೆಗೆರೆ, ಅರವತ್ತೆರಡು ಚುಕ್ಕಿ. ಅರವತ್ತೆರಡನೆಯದಕ್ಕೆ ಹಸಿರು ಬಣ್ಣ, ಗೆರೆಯ ಮೇಲೆ. ತಾರೀಖು ಎರಡು ವರ್ಷದ ಹಿಂದಿನ ಅಕ್ಟೋಬರ್. ಆ ಅಕ್ಟೋಬರಿನಲ್ಲೇ ಅಲ್ಲವೇ ಅಕಾಡೆಮಿಯವರು ಗೆರ್ಲಿಂಡ್‌ಗೆ ಪದಕ ಕೊಟ್ಟದ್ದು? ಸಮಾರಂಭದ ಹಿಂದಿನ ದಿನ ವೀಬ್ಕೆ ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಳು, ಕೈಯಲ್ಲಿ ಒಂದು ಹಾಳೆ. "ಏನು?" ಎಂದು ಕೇಳಿದ್ದಕ್ಕೆ ಹಾಳೆಯನ್ನು ಎದೆಗೆ ಒತ್ತಿಕೊಂಡು, "ಏನಿಲ್ಲ, ನಿಮ್ಮ ತಲೆನೋವು ಹೇಗಿದೆ ಅಂತ ಕೇಳೋಣ ಅಂತ ಬಂದೆ" ಎಂದಿದ್ದಳು. ಸಮಾರಂಭದಲ್ಲಿ ಇಡೀ ಎರಡು ಗಂಟೆ ಗೆರ್ಲಿಂಡ್‌ಳ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದವಳು ಆ ಹುಡುಗಿಯೇ. ಎರಡು ವರ್ಷ ಸುಮ್ಮನಿದ್ದಳು. ಪ್ರಬಂಧದಲ್ಲಿ ಗೆಲಾಕ್ಸಿಯನ್ನೇ ಬಿಟ್ಟಳು, ತಪ್ಪನ್ನು ಬರೆಯುವುದು ಬೇಡವೆಂದು. ಮುಂದಿನ ತಿಂಗಳು ಹಾಲೆಂಡಿನ ಲೈಡನ್ನಿಗೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಮೊದಲನೆಯ ವಾರವೇ ಯಾರಾದರೂ ಕೇಳುತ್ತಾರೆ: ನಿಮ್ಮ ಮೇಡಮ್ಮಿನ ಗೆಲಾಕ್ಸಿಯನ್ನೇ ಯಾಕೆ ಬಿಟ್ಟಿರಿ? ಆಗ ಅವಳು ಸುಳ್ಳು ಹೇಳಬೇಕು, ಇಲ್ಲವೇ ಬೆನ್ನ ಹಿಂದೆ ದೂರಬೇಕು. ಅವಳು ಸುಳ್ಳು ಹೇಳುತ್ತಾಳೆ ಎಂದು ಗೆರ್ಲಿಂಡ್‌ಗೆ ಗೊತ್ತಿತ್ತು. ಒಂದು ಸಲ ಹೇಳಿದರೆ ಮುಂದೆ ಎಲ್ಲ ಕಡೆಯೂ ಅದನ್ನೇ ಹೇಳಬೇಕಾಗುತ್ತದೆ. ಅದನ್ನು ತಪ್ಪಿಸಬೇಕೆಂದರೆ ಇವತ್ತು, ಎಲ್ಲರ ಎದುರು, ತಾನೇ ಬಾಯಿ ಬಿಡಬೇಕು. ಬಿಡದಿದ್ದರೆ ಶರತ್ಕಾಲದಲ್ಲಿ ಮರ್ಯಾದೆಯಿಂದ ನಿವೃತ್ತಿ. ವಿದಾಯದ ಉಪನ್ಯಾಸದ ಆಹ್ವಾನಪತ್ರ ಆಗಲೇ ಅಚ್ಚಾಗಿತ್ತು: ಮೊದಲು ಕುಳಿ, ಆಮೇಲೆ ಮನೆ.

ಸಂಸ್ಥೆಯ ಎರಡನೆಯ ಮಹಡಿಯ ಕಾರಿಡಾರಿನಲ್ಲಿ ಮೇಜಿಗೆ ಹಳೆಯ ಪತ್ರಿಕೆ ಹಾಸಿ ಟೋಪಿ ಕಟ್ಟುತ್ತಿದ್ದರು. ಪರೀಕ್ಷೆ ಪಾಸಾದವರಿಗೆ ಗೆಳೆಯರು ರಟ್ಟಿನ ಟೋಪಿ ಮಾಡಿ, ಅದರ ಮೇಲೆ ಅವರ ಕೆಲಸವನ್ನೂ ಕೆಟ್ಟ ಅಭ್ಯಾಸಗಳನ್ನೂ ಗೇಲಿ ಮಾಡುವ ವಸ್ತುಗಳನ್ನೆಲ್ಲ ಅಂಟಿಸಿ ತಲೆಗಿಡುವುದು ಇಲ್ಲಿನ ಪದ್ಧತಿ. ವೀಬ್ಕೆಯ ಜೊತೆಗಾರ ಯೋಸ್ಟ್ ಬೆರಳ ತುಂಬ ಅಂಟು ಮಾಡಿಕೊಂಡು ತಂತಿಗೆ ಮಣಿ ಪೋಣಿಸುತ್ತಿದ್ದ.

"ನೋಡಿ ಪ್ರೊಫೆಸರ್, ಅರವತ್ತೊಂದು ಮಣಿ. ಇದು ಅವಳ ಸೈಕಲ್ ಲಾಕು, ವರ್ಷಕ್ಕೆ ಮೂರು ಸಲ ಕಳೀತಾಳಲ್ಲ. ಇದು ಒಣ ಮೀನು, ಉತ್ತರದ ಕಡಲತೀರದೋಳು ಅಂತ."

"ನನ್ನ ಗೆಲಾಕ್ಸಿ ಎಲ್ಲಿ ಇಟ್ಟಿದ್ದೀಯ?" ಎಂದಳು ಗೆರ್ಲಿಂಡ್. ತಮಾಷೆಯಂತೆ ಕೇಳಬೇಕೆಂದಿದ್ದಳು, ದನಿ ಸ್ವಲ್ಪ ಬೇರೆಯಾಯಿತು.

ಯೋಸ್ಟ್ ಮಣಿಯ ಮೇಲೆಯೇ ಕಣ್ಣಿಟ್ಟ. "ದೊಡ್ಡ ಗುಂಡು ಒಂದನ್ನ ಸ್ಪ್ರಿಂಗಿಗೆ ಸಿಕ್ಕಿಸಿ ಮೇಲೆ ಕುಣಿಸೋಣ ಅಂತ ಇದ್ದೆ. ವೀಬ್ಕೆ ಬೇಡ ಅಂದ್ಲು. ಏನು ಬೇಕಾದ್ರೂ ಗೇಲಿ ಮಾಡ್ರೋ, ಪ್ರೊಫೆಸರ್ ಗೆಲಾಕ್ಸಿ ತಂಟೆಗೆ ಮಾತ್ರ ಹೋಗ್ಬೇಡಿ ಅಂದ್ಲು. ಗುರುಭಕ್ತಿ ನೋಡಿ!"

ಅವನಿಗೆ ಗೊತ್ತಿದೆಯೇ? ಮುಖ ನೋಡಿದರೆ ತಿಳಿಯಲಿಲ್ಲ. ಬಹುಶಃ ಎಲ್ಲರಿಗೂ ಗೊತ್ತಿದೆ. ಬಹುಶಃ ವರ್ಷಗಟ್ಟಲೆ ಈ ಕಾರಿಡಾರಿನಲ್ಲಿ ತಾನು ಬರುವ ಹೆಜ್ಜೆ ಕೇಳಿದ ಕೂಡಲೇ ಮಾತು ಬದಲಾಗುತ್ತಿತ್ತು. ಮನೆಯ ಹಿರಿಯರ ಕಿವುಡನ್ನು ಎಲ್ಲರೂ ಸೇರಿ ಕಾಪಾಡುವ ಹಾಗೆ. ಅವಳಿಗೆ ಕಿವಿ ಬಿಸಿಯಾಯಿತು. ಬೈದಿದ್ದರೆ ತಾಳಿಕೊಳ್ಳುವುದು ಇದಕ್ಕಿಂತ ಸುಲಭವಿತ್ತು.

ಕಾಫಿ ಕೋಣೆಯಲ್ಲಿ ಒಟ್ಮಾರ್ ರೀಗರ್ ಕಂದು ಕೋಟು ಹಾಕಿಕೊಂಡು, ತೊಳೆದ ಬಟ್ಟಲುಗಳನ್ನು ಒರೆಸುತ್ತ ನಿಂತಿದ್ದ. ನೆಲಮಾಳಿಗೆಯ ಕಾರ್ಯಾಗಾರದಲ್ಲಿ ಮೂವತ್ತೈದು ವರ್ಷ ಉಪಕರಣಗಳನ್ನೂ ಅವುಗಳ ದೀಪಗಳನ್ನೂ ಸಂಭಾಳಿಸಿ ನಿವೃತ್ತನಾದವನು. ಬಟ್ಟಲು ಒರೆಸಲು ಯಾರೂ ಹೇಳಿರಲಿಲ್ಲ. ಸುಮ್ಮನೆ ನಿಲ್ಲುವುದು ಅವನಿಗೆ ಬರುತ್ತಿರಲಿಲ್ಲ.

"ಏನು ಹೆರ್ ರೀಗರ್, ಮದುಮಗನ ಹಾಗೆ ಬಂದಿದ್ದೀರಿ," ಎಂದಳು.

"ಮದುವೇಲೂ ಇಷ್ಟು ಒಳ್ಳೆ ಕೋಟು ಇರಲಿಲ್ಲ ಡಾಕ್ಟ್ರೇ. ಆ ಹುಡುಗಿ ಬರಲೇಬೇಕು ಅಂತ ಕಾಗದ ಬರೆದಿದ್ಲು. ಹಿಂದಿನ ಸಾಲಲ್ಲಿ ಕೂರ್ತೀನಿ ಅಂದೆ. ನಿದ್ದೆ ಬಂದ್ರೆ ಯಾರಿಗೂ ಕಾಣಬಾರದು ನೋಡಿ."

ಇದೇ ಕೋಣೆ. ಇಪ್ಪತ್ತೊಂದು ವರ್ಷದ ಹಿಂದೆ, ಫೆಬ್ರವರಿ. ಮೇಜಿನ ಸುತ್ತ ಎಂಟು ಜನ ಕೂತಿದ್ದರು. ಕೆಲಸದ ನೀಲಿ ಅಂಗಿಯಲ್ಲಿ ಒಟ್ಮಾರ್ ಮೇಲೆ ಬಂದು ಒಂದು ಚೀಟಿ ಹಿಡಿದು ನಿಂತ. "ಡಾಕ್ಟ್ರೇ, ನಾನು ಕೊಟ್ಟ ಪಟ್ಟೀಲಿ ಇರೋದು ಪೂರ್ತಿ ಅಗಲ. ನೀವು ಅದನ್ನ ಚದರಿಕೆ ಅಂತ ತಗೊಂಡಿದ್ದೀರೇನೋ ಅಂತ ಒಂದು ಅನುಮಾನ." ಆಗ ಅವಳಿಗೆ ನಲವತ್ತೆರಡು. ಲೇಖನ ಆಗಲೇ ಪತ್ರಿಕೆಗೆ ಹೋಗಿತ್ತು. ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಹನ್ನೊಂದು ದಿನ ಇತ್ತು, ಕರೆ ಬಂದ ಆರು ಜನರಲ್ಲಿ ಹೆಂಗಸು ಅವಳೊಬ್ಬಳೇ. ಮೇಜಿನ ಸುತ್ತ ಕೂತವರಲ್ಲಿ ಇಬ್ಬರು ಆ ಹುದ್ದೆಗೇ ಅರ್ಜಿ ಹಾಕಿದ್ದವರು, ಬಟ್ಟಲನ್ನು ತುಟಿಯ ಹತ್ತಿರವೇ ಹಿಡಿದು ಕಾಯುತ್ತಿದ್ದರು. ಅವಳು ನಕ್ಕು ಹೇಳಿದ್ದಳು, "ಹೆರ್ ರೀಗರ್, ನೀವು ದೀಪ ನೋಡ್ಕೊಳ್ಳಿ. ನಕ್ಷತ್ರ ನಮಗೆ ಬಿಡಿ." ಎಲ್ಲರೂ ನಕ್ಕರು. ಅವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ತನ್ನ ಬಟ್ಟಲನ್ನು ತೊಳೆದಿಟ್ಟು ಕೆಳಗೆ ಹೋದ. ಮುಂದಿನ ವಾರ ಕಿರುಗುಟ್ಟುತ್ತಿದ್ದ ಅವಳ ಸೈಕಲ್ಲಿನ ಸರಪಳಿಗೆ ಯಾರೋ ಎಣ್ಣೆ ಬಿಟ್ಟಿದ್ದರು. ಯಾರೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆಗ ತನಗೆ ಹೆದರಿಕೆಯಾಗಿತ್ತೇ ಅಥವಾ ಬರೀ ಪುರಸೊತ್ತಿರಲಿಲ್ಲವೇ? ಎಷ್ಟು ಕೆದಕಿದರೂ ಇದೊಂದು ಮಾತ್ರ ಅವಳಿಗೆ ನೆನಪಿಗೆ ಬರುತ್ತಿರಲಿಲ್ಲ. ಹುದ್ದೆ ಸಿಕ್ಕಿತು. ಹುದ್ದೆಯ ಜೊತೆ ಕೋಣೆ, ಕೋಣೆಯ ಜೊತೆ ಗುಂಪು, ಗುಂಪಿಗೆ ಸಂಬಳ ತರಲು ಬರೆದ ಅರ್ಜಿಗಳು, ಎಲ್ಲ ಅರ್ಜಿಯ ಮೊದಲ ಪುಟದಲ್ಲೂ ಆ ಒಂಟಿ ಚುಕ್ಕಿ. ಏಳು ಜನ ಅವಳ ಕೈಕೆಳಗೆ ಡಾಕ್ಟರೇಟ್ ಪಡೆದರು. ಅವರು ಮಾಡಿದ ಕೆಲಸ ಸುಳ್ಳಲ್ಲ, ಅವಳು ಕಲಿಸಿದ್ದೂ ಸುಳ್ಳಲ್ಲ. ತಪ್ಪು ನಡುವೆ ಕೂತಿತ್ತು, ಒಳ್ಳೆಯದೆಲ್ಲ ಅದರ ಸುತ್ತ ಬೆಳೆದಿತ್ತು.

"ಹೆರ್ ರೀಗರ್, ನಿಮ್ಮನ್ನ ಒಂದು ಕೇಳ್ಬೇಕು. ಬಹಳ ಹಿಂದೆ, ಇಲ್ಲೇ, ಆ ಅಗಲದ ವಿಷಯ..."

"ಯಾವ ಅಗಲ?"

"ಉಪಕರಣದ್ದು. ನೀವೊಂದು ಚೀಟಿ ತಂದಿದ್ರಿ."

ಅವನು ಕೈಯಲ್ಲಿದ್ದ ಬಟ್ಟಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದ. "ನನಗೆ ಎಪ್ಪತ್ತೆಂಟು ಡಾಕ್ಟ್ರೇ. ನಿನ್ನೆ ತಿಂದಿದ್ದೇ ನೆನಪಿರಲ್ಲ." ಆಮೇಲೆ ಕಾಫಿ ಬಗ್ಗಿಸಿ, ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿ, ಕಲಕಿ ಅವಳ ಮುಂದಿಟ್ಟ. ಅವಳು ಸಕ್ಕರೆ ಬಿಟ್ಟು ಹತ್ತು ವರ್ಷವಾಗಿತ್ತು. ಅದಕ್ಕೆ ಮೊದಲು ಎರಡು ಚಮಚವೇ ಹಾಕಿಕೊಳ್ಳುತ್ತಿದ್ದಳು. ಅವಳು ಪೂರ್ತಿ ಕುಡಿದಳು.

ಎರಡು ಗಂಟೆಗೆ ಸಭಾಂಗಣದಲ್ಲಿ ನಲವತ್ತು ಜನ ಇದ್ದರು. ಮುಂದಿನ ಸಾಲಿನಲ್ಲಿ ಉತ್ತರದ ಕಡಲತೀರದಿಂದ ಹನ್ನೊಂದು ಗಂಟೆ ಕಾಲ ರೈಲಿನಲ್ಲಿ ಕೂತು ಬಂದ ವೀಬ್ಕೆಯ ಅಪ್ಪ ಅಮ್ಮ. ಅಮ್ಮ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಕಿತ್ತುಕೊಳ್ಳುವವರಿದ್ದಾರೆ ಎಂಬಂತೆ. ಪರೀಕ್ಷಕರ ಮೇಜಿನಲ್ಲಿ ಅಧ್ಯಕ್ಷ ಪ್ರೊಫೆಸರ್ ಶೆಂಪ್, ಹೊರಗಿನಿಂದ ಬಂದ ಒಬ್ಬ ಪರೀಕ್ಷಕಿ, ಮತ್ತು ಗೆರ್ಲಿಂಡ್. ಪ್ರತಿಯೊಬ್ಬರ ಮುಂದೆಯೂ ಪ್ರಶ್ನೆ, ಉತ್ತರ, ಗುರುತು ಎಂದು ಮೂರು ಅಂಕಣದ ಹಾಳೆ. ಗೆರ್ಲಿಂಡ್‌ಳ ಹಾಳೆಯಲ್ಲಿ ಧೂಳಿನಿಂದಾಗುವ ದೋಷದ ಬಗ್ಗೆ ಒಂದು ಮೆತ್ತನೆಯ ಪ್ರಶ್ನೆ ಬರೆದಿತ್ತು.

ವೀಬ್ಕೆ ಅಪ್ಪ ಅಮ್ಮನನ್ನು ನೋಡಿಕೊಂಡೇ ಶುರು ಮಾಡಿದಳು. "ಗೆಲಾಕ್ಸಿ ಒಂದು ಊರಷ್ಟು ದೊಡ್ಡದು ಅಂದ್ಕೊಂಡ್ರೆ, ಅದರ ನಡುವಿನ ಕಪ್ಪುಕುಳಿ ಒಂದು ಧೂಳಿನ ಕಣದಷ್ಟು. ಊರ ಅಂಚಿನಲ್ಲಿ ಓಡಾಡೋ ನಕ್ಷತ್ರಕ್ಕೆ ಕುಳಿ ಇದೆ ಅನ್ನೋದೇ ಗೊತ್ತಾಗಬಾರದು. ಆದ್ರೂ ಎರಡರ ಅಳತೆ ಒಂದಕ್ಕೊಂದು ಹೊಂದತ್ತೆ. ಯಾಕೆ?" ಅವಳ ಅಪ್ಪ, ದೋಣಿ ರಿಪೇರಿ ಮಾಡುವವನು, ತನ್ನನ್ನೇ ಕೇಳಿದ ಹಾಗೆ ಹುಬ್ಬು ಗಂಟಿಕ್ಕಿದ. "ಅನಿಲ ಒಳಗೆ ಬೀಳತ್ತೆ. ಸ್ವಲ್ಪ ನಕ್ಷತ್ರ ಆಗತ್ತೆ, ಸ್ವಲ್ಪ ಕುಳಿಯ ಹೊಟ್ಟೆಗೆ ಹೋಗತ್ತೆ. ಆದ್ರೆ ಕುಳಿ ತಿನ್ನುವಾಗ ಸುಮ್ಮನೆ ತಿನ್ನಲ್ಲ. ಬೀಳ್ತಿರೋ ಅನಿಲ ಕುಳಿ ಸೇರೋಕೆ ಮೊದಲೇ ಕಾದು ಕೆಂಡ ಆಗಿ, ಸುತ್ತಲಿನದನ್ನೆಲ್ಲ ಊದಿ ಹೊರಗೆ ಅಟ್ಟತ್ತೆ. ಆಗ ಹೊಸ ನಕ್ಷತ್ರವೂ ಇಲ್ಲ, ಕುಳಿಗೂ ಊಟ ಇಲ್ಲ. ಬಹಳ ಉಂಡೋನು ತಾನೇ ಒಲೆ ಆರಿಸಿಕೊಂಡ ಹಾಗೆ. ಮತ್ತೆ ತಣ್ಣಗಾಗತ್ತೆ, ಮತ್ತೆ ಬೀಳತ್ತೆ. ನೂರಾರು ಕೋಟಿ ವರ್ಷ ಹೀಗೆ ಒಬ್ಬರನ್ನೊಬ್ಬರು ಬೆಳೆಸಿ, ಒಬ್ಬರನ್ನೊಬ್ಬರು ತಡೀತಾ ಬಂದಿವೆ." ಗೆರ್ಲಿಂಡ್‌ಗೆ ಹೆಮ್ಮೆಯಾಯಿತು. ಇಷ್ಟು ಚೆನ್ನಾಗಿ ತನಗೆ ಹೇಳಲು ಬರುತ್ತಿರಲಿಲ್ಲ.

ಹೊರಗಿನ ಪರೀಕ್ಷಕಿ ಅನಿಲದ ತಾಪದ ಬಗ್ಗೆ ಕೇಳಿದಳು. ಶೆಂಪ್ ಒಂದು ಜೋಕು ಹೇಳಿ ಅದಕ್ಕೊಂದು ಪ್ರಶ್ನೆ ಸೇರಿಸಿದ. ವೀಬ್ಕೆ ಎಲ್ಲದಕ್ಕೂ ಉತ್ತರಿಸಿದಳು. ಆಮೇಲೆ ಎಲ್ಲರೂ ಗೆರ್ಲಿಂಡ್‌ಳ ಕಡೆ ತಿರುಗಿದರು. ಅವಳು ಹಾಳೆಯಲ್ಲಿ ಬರೆದದ್ದರ ಮೊದಲ ಪದವನ್ನು ಓದಿ, ನಿಲ್ಲಿಸಿ, ಕನ್ನಡಕ ತೆಗೆದಳು.

"ಫ್ರಾವ್ ಥಾಮ್ಸೆನ್, ನಿಮ್ಮ ಪಟ್ಟಿಯಲ್ಲಿ ಅರವತ್ತೊಂದು ಗೆಲಾಕ್ಸಿ ಇವೆ. 2002ರಲ್ಲಿ ನಾನು ಅಳೆದದ್ದು ಇಲ್ಲ. ಯಾಕೆ?"

ವೀಬ್ಕೆಯ ಮುಖದಲ್ಲಿ ಏನೂ ಬದಲಾಗಲಿಲ್ಲ, ಆದರೆ ಕೈ ಮೇಜಿನ ಅಂಚನ್ನು ಹಿಡಿಯಿತು. "ಅದು ಹಳೇ ಉಪಕರಣದ್ದು. ಒಂದೇ ಬಗೆಯ ದತ್ತಾಂಶ ಇರ್ಲಿ ಅಂತ ಬಿಟ್ಟೆ."

"ಹನ್ನೆರಡನೇ ಸಾಲು, ನಲವತ್ತನೇ ಸಾಲು. ಅವೂ ಅದೇ ಉಪಕರಣದವು."

"ಹೌದು. ಆದ್ರೆ ನಿಮ್ಮ ಬೆಳಕಿನ ರೋಹಿತದಲ್ಲಿ ಗದ್ದಲ ಸ್ವಲ್ಪ ಜಾಸ್ತಿ ಇತ್ತು."

"ಗದ್ದಲ ಇರಲಿಲ್ಲ. ಆ ವರ್ಷ ಅಷ್ಟು ಶುದ್ಧವಾದ ರೋಹಿತ ಯಾರಿಗೂ ಸಿಕ್ಕಿರಲಿಲ್ಲ. ದತ್ತಾಂಶ ಚೆನ್ನಾಗಿತ್ತು. ಇನ್ನೊಂದು ಸಲ ಕೇಳ್ತೀನಿ, ಯಾಕೆ ಬಿಟ್ರಿ?"

ವೀಬ್ಕೆ, ಗೆರ್ಲಿಂಡ್ ಒಬ್ಬಳಿಗೇ ಕಾಣುವಂತೆ, ತಲೆ ಅಲ್ಲಾಡಿಸಿದಳು. ಬೇಡ ಎಂದು. ಮುಂದಿನ ಸಾಲಿನಲ್ಲಿ ಅಮ್ಮ ಗಂಡನ ಕಡೆ ತಿರುಗಿ ಏನೋ ಪಿಸುಗುಟ್ಟಿದಳು; ಮಗಳು ಫೇಲಾಗುತ್ತಿದ್ದಾಳೆ ಎಂದು ಆ ಮುಖದಲ್ಲಿ ಬರೆದಿತ್ತು. ಗೆರ್ಲಿಂಡ್‌ಗೆ ಅದು ಗೊತ್ತಾಗಿ ಸಂಕಟವಾಯಿತು. ತನ್ನ ಭಾರ ಇಳಿಸಿಕೊಳ್ಳಲು ಈ ಹೆಂಗಸಿನ ಎದೆಯ ಮೇಲೆ ಕಾಲಿಡುತ್ತಿದ್ದೇನೆಯೇ? ನಿಲ್ಲಿಸಲು ಈಗಲೂ ಅವಕಾಶವಿತ್ತು. ಶೆಂಪ್ ಅದನ್ನೇ ಕೈಗೆ ಕೊಟ್ಟ.

"ಗೆರ್ಲಿಂಡ್, ಆಯ್ಕೆ ಅವಳಿಗೆ ಬಿಟ್ಟದ್ದು ಅಲ್ವಾ? ವರದಿಯಲ್ಲಿ ವಿವೇಕದ ಆಯ್ಕೆ ಅಂತ ನೀವೇ ಬರೆದಿದ್ದೀರಲ್ಲ."

"ಬರೆದಿದ್ದೆ. ಅದೂ ತಪ್ಪು," ಎಂದಳು ಗೆರ್ಲಿಂಡ್. ಮುಂದಿನ ಸಾಲಿನ ಕಡೆ ನೋಡಿ, "ನಿಮ್ಮ ಮಗಳಿಗೆ ಉತ್ತರ ಗೊತ್ತಿದೆ, ಗಾಬರಿ ಬೇಡ. ನನಗೆ ನೋವಾಗತ್ತೆ ಅಂತ ಹೇಳ್ತಿಲ್ಲ ಅಷ್ಟೆ." ಮತ್ತೆ ತಿರುಗಿ, "ವೀಬ್ಕೆ. ಬೋರ್ಡಿನ ಮೇಲೆ ಬರಿ."

ವೀಬ್ಕೆ ಸೀಮೆಸುಣ್ಣ ತೆಗೆದುಕೊಂಡಳು. ಒಂದು ದಿಬ್ಬ ಬರೆದಳು. ಅರ್ಧ ಎತ್ತರದಲ್ಲಿ ಅಡ್ಡಗೆರೆ ಎಳೆದಳು. ಪಕ್ಕದಲ್ಲಿ ಅದಕ್ಕಿಂತ ಚಿಕ್ಕದೊಂದು ಗೆರೆ. ಮೊದಲಿಗೆ ದನಿ ಒಡೆದಿತ್ತು, ಸಂಖ್ಯೆಗಳು ಬಂದ ಮೇಲೆ ನೆಟ್ಟಗಾಯಿತು. ಇದು ಉಪಕರಣದ ಪಟ್ಟಿಯಲ್ಲಿದ್ದ ಪೂರ್ತಿ ಅಗಲ, ಇದು ಬಳಸಬೇಕಾಗಿದ್ದ ಚದರಿಕೆ, ಲೇಖನದಲ್ಲಿ ಬಳಸಿದ್ದು ಮೊದಲನೆಯದು. ನೂರಾ ಹದಿನೇಳು ಎಂದು ಬರೆದು ಹೊಡೆದುಹಾಕಿದಳು. ನೂರಾ ಎಪ್ಪತ್ತೊಂಬತ್ತು ಎಂದು ಬರೆದಳು. ಓರೆಗೆರೆ ಎಳೆದು ಅದರ ಮೇಲೆ ಒಂದು ಚುಕ್ಕಿ ಇಟ್ಟಳು. ಸಭಾಂಗಣದಲ್ಲಿ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಹೊರಗಿನ ಪರೀಕ್ಷಕಿ ತನ್ನ ಹಾಳೆಯ ಮೇಲೆ ಅದೇ ಲೆಕ್ಕವನ್ನು ಬೇಗಬೇಗ ಮಾಡಿ ನೋಡುತ್ತಿದ್ದಳು.

"ಎಷ್ಟು ದಿನದಿಂದ ಗೊತ್ತು?"

"ಎರಡು ವರ್ಷ."

"ನನಗೆ ಯಾಕೆ ಹೇಳಲಿಲ್ಲ?"

ವೀಬ್ಕೆ ಸೀಮೆಸುಣ್ಣವನ್ನು ಅಂಗೈಯಲ್ಲಿ ತಿರುಗಿಸಿದಳು. "ಅದು ಭೌತಶಾಸ್ತ್ರದ ಪ್ರಶ್ನೆಯಲ್ಲ ಪ್ರೊಫೆಸರ್. ಅದಕ್ಕೆ ನಾನು ತಯಾರಾಗಿ ಬಂದಿಲ್ಲ."

ಕೆಲವರು ನಕ್ಕರು. ಶೆಂಪ್ ಪರೀಕ್ಷೆಯ ದಾಖಲೆ ಪುಸ್ತಕ ಎಳೆದುಕೊಂಡು ಮೆಲ್ಲಗೆ ಹೇಳಿದ, "ಹಳೆಯ ಮಾಪನದಲ್ಲಿ ಒಂದು ವ್ಯತ್ಯಾಸ ಚರ್ಚೆಗೆ ಬಂತು ಅಂತ ಬರ್ಕೋತೀನಿ."

"ವ್ಯತ್ಯಾಸ ಬೇಡ, ತಪ್ಪು ಅಂತ ಬರೀರಿ. ತಪ್ಪು ನನ್ನದು ಅಂತಲೂ ಬರೀರಿ. ಇನ್ನೊಂದು, ಮೊದಲು ಕಂಡುಹಿಡಿದದ್ದು ಇವಳೂ ಅಲ್ಲ. 2002ರ ಫೆಬ್ರವರಿಯಲ್ಲೇ ಹೆರ್ ರೀಗರ್ ಬಂದು ನನಗೆ ಹೇಳಿದ್ರು. ಎಲ್ಲರೆದುರು ಅವರನ್ನ ನೋಡಿ ನಕ್ಕುಬಿಟ್ಟಿದ್ದೆ."

ನಲವತ್ತು ತಲೆಗಳು ಹಿಂದಿನ ಸಾಲಿನ ಕಡೆ ತಿರುಗಿದವು. ಒಟ್ಮಾರ್ ಕೆಂಪಗಾಗಿ, ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ, ಅರ್ಧ ಎದ್ದ. ಕೆಳಗೆ ಕೂರಲು ಆಗಲಿಲ್ಲ, ಪೂರ್ತಿಯೇ ಎದ್ದ.

"ನಗೋದು ಇರ್ಲಿ ಬಿಡಿ ಡಾಕ್ಟ್ರೇ. ಕಾರ್ಯಾಗಾರದೋರನ್ನ ನೋಡಿ ನಗೋದು ಹೊಸದೇನಲ್ಲ, ನಾವೂ ನಿಮ್ಮನ್ನ ನೋಡಿ ಕೆಳಗೆ ಬೇಕಾದಷ್ಟು ನಕ್ಕಿದ್ದೀವಿ." ಅವನು ಕೋಟಿನ ಗುಂಡಿಯನ್ನು ಹಿಡಿದುಕೊಂಡ. "ನನಗೆ ಬೇಜಾರಾಗಿದ್ದು ಅದಕ್ಕಲ್ಲ. ಆಮೇಲೆ ಕೋಣೆಗೆ ಹೋಗಿ, ಬಾಗಿಲು ಹಾಕ್ಕೊಂಡಾದ್ರೂ ಒಂದು ಸಲ ಲೆಕ್ಕ ಮಾಡಿ ನೋಡ್ತಾರೆ ಅಂದ್ಕೊಂಡಿದ್ದೆ. ನೀವು ನೋಡ್ಲಿಲ್ಲ. ಅದೊಂದಕ್ಕೆ."

"ಹೌದು," ಎಂದಳು ಗೆರ್ಲಿಂಡ್. "ನೋಡಲಿಲ್ಲ."

ಅವನು ಕೂತ. ಶೆಂಪ್ ಬರೆಯುವುದನ್ನು ಮುಗಿಸುವವರೆಗೆ ಎಲ್ಲರೂ ಕಾದರು. ವೀಬ್ಕೆ ಬೋರ್ಡಿನ ಮುಂದೆ ಹಾಗೆಯೇ ನಿಂತಿದ್ದಳು, ಕಪ್ಪು ಉಡುಪಿನ ತೋಳಿಗೆ ಸುಣ್ಣದ ಪುಡಿ ಮೆತ್ತಿತ್ತು. ಕಣ್ಣು ಒದ್ದೆಯಾಗಿತ್ತು. ಆದರೆ ನಿಂತ ಭಂಗಿಯಲ್ಲಿ ಎರಡು ವರ್ಷದಿಂದ ಇದ್ದ ಒಂದು ಬಗ್ಗಿದ ಹೆಗಲು ಇರಲಿಲ್ಲ; ಅದು ಆ ಹುಡುಗಿಯ ನಿಲುವೇ ಅಂಥದ್ದೆಂದು ಗೆರ್ಲಿಂಡ್ ಇಲ್ಲಿಯವರೆಗೆ ತಿಳಿದಿದ್ದಳು. ಗೋಡೆಯ ಗಡಿಯಾರದ ಪ್ರಕಾರ ಪರೀಕ್ಷೆಗೆ ಇನ್ನೂ ಹನ್ನೊಂದು ನಿಮಿಷ ಉಳಿದಿತ್ತು. ಉಳಿದ ಸಮಯವನ್ನು ಬಿಟ್ಟುಕೊಡುವುದು ನಿಯಮಕ್ಕೆ ಹೊಂದುವುದಿಲ್ಲ. ಗೆರ್ಲಿಂಡ್ ಕನ್ನಡಕ ಹಾಕಿಕೊಂಡಳು.

"ಮುಂದಿನ ಪ್ರಶ್ನೆ. ನನ್ನ ಗೆಲಾಕ್ಸಿ ಗೆರೆಯ ಮೇಲೆ ಬಂತು, ಸರಿ. ಮೊದಲು ಕುಳಿ ಅನ್ನೋದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ. ಅದು ಹೋಯ್ತು. ಈಗ ನೀವು ಹೇಳಿ, ಯಾವುದು ಮೊದಲು? ಕುಳಿಯೋ, ಮನೆಯೋ?"

ವೀಬ್ಕೆ ಬೋರ್ಡನ್ನು ನೋಡಿದಳು, ಗೆರೆಯನ್ನು ನೋಡಿದಳು. ನಿಜವಾಗಿಯೂ ಯೋಚಿಸಿದಳು.

"ಗೊತ್ತಿಲ್ಲ," ಎಂದಳು.

ಗೆರ್ಲಿಂಡ್ ತನ್ನ ಹಾಳೆಯ ಎರಡನೆಯ ಅಂಕಣದಲ್ಲಿ ಆ ಉತ್ತರವನ್ನು ಬರೆದುಕೊಂಡು, ಮೂರನೆಯದರಲ್ಲಿ ಸರಿ ಎಂದು ಗುರುತು ಹಾಕಿದಳು.